ಹದಿನಾರನೆಯ ಹೆಸರು

ಇನ್ನೇನು ಫೋಟೊ ಹೊಡೆಯಬೇಕು, ಅಷ್ಟರಲ್ಲಿ ಟಗರುಮರಿಯೊಂದು ಅಂಗನವಾಡಿಯೊಳಗೆ ನುಗ್ಗಿ ದ್ಯಾವಪ್ಪನ ಕೈಯಲ್ಲಿದ್ದ ಪೌಷ್ಟಿಕ ಪುಡಿಯ ಪೊಟ್ಟಣಕ್ಕೆ ಬಾಯಿ ಹಾಕಿತು. ನಾಲ್ಕು ವರ್ಷದ ದ್ಯಾವಪ್ಪ ಪೀಡೆ ತೊಲಗಿತೆಂಬಂತೆ ಪೊಟ್ಟಣ ಬಿಟ್ಟುಕೊಟ್ಟು ಹಾಯಾಗಿ ನಿಂತ. ಮರಿ ಅದನ್ನು ಹರಿದು, ಮೂತಿಯೆಲ್ಲ ಕಂದು ಮಾಡಿಕೊಂಡು ನೆಕ್ಕತೊಡಗಿತು.

“ಏ, ಯಾರದದು ಕುರಿ? ಹೊರಗ ಹಾಕ್ರಿ ಅದನ್ನ!” ಸೂಗಪ್ಪ ಡಾಕ್ಟರು ಮೊಬೈಲು ಕೆಳಗಿಳಿಸಿ ಕೂಗಿದರು.

“ಪಾಪ, ಬೈಬ್ಯಾಡ್ರಿ ಸಾಹೇಬ್ರ,” ಎಂದಳು ಹೊಸ್ತಿಲ ಮೇಲೆ ಕೂತಿದ್ದ ದ್ಯಾವಪ್ಪನ ಅಜ್ಜಿ ಗುರುಲಿಂಗಮ್ಮ. “ಅದರ ಪುಡಿ ಅದು ಕೇಳಾಕತ್ತದ.”

ಅಂಗನವಾಡಿ ನಡೆಸುವ ರೇಣಮ್ಮ ಗಕ್ಕನೆ ಅಜ್ಜಿಯ ಕಡೆ ತಿರುಗಿದಳು. ಆಯ್ತು, ಮುಗೀತು ಕಥೆ! ಮೂರು ತಿಂಗಳಿಂದ ಹೊಟ್ಟೆಯೊಳಗೆ ಬಚ್ಚಿಟ್ಟುಕೊಂಡಿದ್ದ ಗುಟ್ಟನ್ನು ಈ ಮುದುಕಿ ಒಂದೇ ಮಾತಿಗೆ ಬಯಲಿಗೆಳೆದಿದ್ದಳು. ಹದಿನೈದು ಮಕ್ಕಳಿಗೆ ತಿನ್ನಿಸಿ ನೋಡಿರೆಂದು ಕಂಪನಿ ಕಳಿಸಿದ್ದ ಪುಡಿ ಅದು. ಮಕ್ಕಳು ಎರಡನೇ ದಿನಕ್ಕೇ ಥೂ ಎಂದು ಉಗುಳಿದ್ದವು. ಕುರಿ ಸಾಕುವ ಊರು, ಏನನ್ನೂ ಚೆಲ್ಲಿ ರೂಢಿಯಿಲ್ಲ. ತಾಯಂದಿರು ಅದನ್ನು ನುಚ್ಚಿನ ಗಂಜಿಗೆ ಕಲಸಿ ಮರಿಗಳ ಮುಂದಿಟ್ಟಿದ್ದರು. ಹೇಳಿದರೆ ನೋಟೀಸು ಬಂದೀತೆಂದು ರೇಣಮ್ಮ ತೆಪ್ಪಗಿದ್ದಳು. ಪುಡಿ ಹಾಳಾಗಿ ಹೋಗಲಿ, ಸರಕಾರ ಕೊಡುವ ಕೋಳಿ ತತ್ತಿ ಇದೆಯಲ್ಲ ಎಂದು ದಿನಾ ಒಬ್ಬೊಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಗದರಿಸಿ, ಮುದ್ದು ಮಾಡಿ, ಬಾಯಿ ಒರೆಸಿ ತಿನ್ನಿಸಿದ್ದಳು.

ಇವತ್ತು ತೂಗಿ ನೋಡಿದರೆ ಒಬ್ಬೊಬ್ಬರೂ ಕಿಲೋದಷ್ಟು ಏರಿದ್ದಾರೆ! ಅವಳಿಗೆ ಖುಷಿಪಡಲೂ ಪುರುಸೊತ್ತು ಕೊಡದೆ ಡಾಕ್ಟರು, “ನೋಡ್ರಿ ಪುಡಿ ಮಹಿಮಾ! ಮುಂದಿನ ತಿಂಗಳಿಂದ ತತ್ತಿ ಬಂದ್, ಬರೇ ಪುಡಿ” ಎಂದುಬಿಟ್ಟಿದ್ದರು. ಪುಡಿ ಒಳ್ಳೆಯದೋ ಕೆಟ್ಟದ್ದೋ ಎಂದು ಸರಕಾರಕ್ಕೆ ಹೇಳಬೇಕಾದವರು ಅವರೇ. ಕಂಪನಿಗೆ ಸಲಹೆ ಕೊಡುವವರೂ ಅವರೇ. ಕಾಲುವೆ ದಂಡೆಯ ಮೇಲೆ ಧೂಳೆಬ್ಬಿಸಿಕೊಂಡು ಬಂದ ಅವರ ಕಾರಿನ ಬಾಗಿಲ ಮೇಲೂ ಅದೇ ಪುಡಿಯ ಚಿತ್ರ.

“ಒಂದು ಮಾತು ಕೇಳ್ತೀನ್ರಿ,” ಗುರುಲಿಂಗಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. “ಕೆಂಭಾವಿ ಸಂತ್ಯಾಗ ನಾವು ಟಗರು ಮಾರಾಕ ಹೋದ್ರ, ಕೊಳ್ಳಾವನ ಕಡಿಂದ ಹಲ್ಲು ನೋಡಿ ವಯಸ್ಸು ಹೇಳಾಂವ ನಮ್ಮ ಚಹಾ ಸುದ್ದಾ ಕುಡಿಯಂಗಿಲ್ಲ. ನೀವು ನೋಡಿದ್ರ ಪುಡಿಯವ್ರ ಗಾಡ್ಯಾಗೇ ಬಂದು ಪುಡಿ ಹಲ್ಲು ನೋಡಾಕತ್ತೀರಿ!”

“ಅದು ಬ್ಯಾರೆ, ಇದು ಬ್ಯಾರೆ ಯವ್ವ. ಇದು ವಿಜ್ಞಾನ.”

“ಹಂಗಾರ ಮರೀನೂ ತೂಗ್ರಿ. ಪುಡಿ ಹಚ್ಚಿದಾಗ ಹದಿಮೂರು ಕಿಲೋ ಇತ್ತು. ಸಂತ್ಯಾಗ ನಾನೇ ತೂಗಿಸೀನಿ.” ಜವಾಬಿಗೂ ಕಾಯದೆ ಅವಳು ಮರಿಯನ್ನೆತ್ತಿ ಮಕ್ಕಳನ್ನು ತೂಗುವ ಕಾಟಾದ ಮೇಲೆ ನಿಲ್ಲಿಸಿದಳು. ಹನ್ನೊಂದೂವರೆ ತೋರಿಸಿತು. “ಸಿಹಿ ರುಚಿಗೆ ಬಿದ್ದು ತಿಂತದ, ತಿಂದು ತೆಳ್ಳಗ ಉಚ್ಚಿಕೊಂತದ. ಮೈ ಹೆಂಗ ಹಿಡೀಬೇಕು?” ಮರಿ ನಿಂತಲ್ಲೇ ಅದಕ್ಕೊಂದು ಸಾಕ್ಷಿಯನ್ನೂ ಕೊಟ್ಟಿತು. ಡಾಕ್ಟರು ಗಡಬಡಿಸಿ ಬೂಟುಗಾಲು ಹಿಂದಕ್ಕೆಳೆದುಕೊಂಡರು.

“ಮರಿ ಲೆಕ್ಕಕ್ಕ ಬರಂಗಿಲ್ಲ! ಪಟ್ಟಿದಾಗ ಅದರ ಹೆಸರೇ ಇಲ್ಲ.”

“ಭಾಳ ಶಾಣ್ಯಾ ಅದೀರಿ. ತಿನ್ನದವ್ರ ಹೆಸರು ಪಟ್ಟಿದಾಗ ಅದಾವ, ತಿಂದವನ ಹೆಸರಿಲ್ಲೇನು?”

ಡಾಕ್ಟರು ಮುದುಕಿಯ ಗೊಡವೆ ಬಿಟ್ಟು ರೇಣಮ್ಮನ ಕಡೆ ತಿರುಗಿದರು. ದನಿ ತಗ್ಗಿತ್ತು, ಕಣ್ಣು ಮಾತ್ರ ಕೆಂಪಗಿದ್ದವು. “ಅಕ್ಕೋರ, ರಿಜಿಸ್ಟರ್ ತಗೀರಿ. ಹದಿನೈದು ಮಕ್ಕಳು ಪುಡಿ ತಿಂದು ತೂಕ ಏರ್ಯಾರಂತ ಬರದು ಸಹಿ ಹಾಕ್ರಿ. ಹುಷಾರಿ! ಪುಟಕ್ಕ ನಂಬರ್ ಅದಾವ. ಹಾಳಿ ಹರಿದ್ರೂ, ಒಂದು ಗೀಟು ಹೊಡದ್ರೂ ನಡಿಯಂಗಿಲ್ಲ. ಬರದದ್ದು ಬರದಂಗ ಮ್ಯಾಲೆ ಹೋಗ್ತದ. ನಿಮ್ಮ ನೌಕರಿ ಚಿಂತಿ ನಿಮಗಿರ್ಲಿ.”

ರೇಣಮ್ಮ ಪೆನ್ನು ಹಿಡಿದಳು. ಸುಳ್ಳಲ್ಲ, ಅವಳಿಗೆ ನಿಜಕ್ಕೂ ಹೆದರಿಕೆಯಾಗಿತ್ತು. ಮೂಲೆಯಲ್ಲಿ ದ್ಯಾವಪ್ಪ ತನ್ನ ಪಾಲಿನ ತತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು, ಸಿಪ್ಪೆ ಸುಲಿದುಕೊಡುವವರಿಗಾಗಿ ಕಾಯುತ್ತಿದ್ದ. ಮೂರು ತಿಂಗಳ ಹಿಂದೆ ನಿಂತಲ್ಲಿ ನಿಲ್ಲಲಾರದೆ ಕುಸಿಯುತ್ತಿದ್ದ ಹುಡುಗ ಅವನು. ಅವನ ಬಾಯಿಂದ ತತ್ತಿ ಕಸಿಯಲಿಕ್ಕೆ ನನ್ನದೇ ಸಹಿ ಬೇಕಾಯಿತೇ ಇವರಿಗೆ ಎಂದು ಅವಳಿಗೆ ಮೈಯೆಲ್ಲ ಉರಿದುಹೋಯಿತು. ನೋಟೀಸು ಬಂದರೆ ಬರಲಿ! ತಲೆ ತಗ್ಗಿಸಿ ದುಂಡಗೆ ಬರೆಯತೊಡಗಿದಳು. ಡಾಕ್ಟರು ಸಮಾಧಾನದಿಂದ ಕರವಸ್ತ್ರ ತೆಗೆದು ಬೂಟು ಒರೆಸಿಕೊಂಡರು.

ಬರೆದು, ಸಹಿ ಹಾಕಿ, ಅವಳು ರಿಜಿಸ್ಟರನ್ನು ಅವರ ಕಡೆ ತಿರುಗಿಸಿದಳು. ಒಂದರಿಂದ ಹದಿನೈದು: ಪುಡಿ ತಿಂದಿಲ್ಲ, ತತ್ತಿ ತಿಂದಿದ್ದಾರೆ, ತೂಕ ಏರಿದೆ. ಹದಿನಾರು: ಹೆಸರು ಕರಿಯ, ಜಾತಿ ಟಗರು, ವಯಸ್ಸು ಆರು ತಿಂಗಳು, ಪಾಲಕರು ಗುರುಲಿಂಗಮ್ಮ, ಪುಡಿ ಪೂರ್ತಿ ತಿಂದಿದ್ದಾನೆ, ತೂಕ ಒಂದೂವರೆ ಕಿಲೋ ಇಳಿದಿದೆ.

ಡಾಕ್ಟರ ಮುಖ ಕಪ್ಪಿಟ್ಟಿತು. ಗಬಕ್ಕನೆ ಜೇಬಿನಿಂದ ಪೆನ್ನು ಕಿತ್ತು ಹದಿನಾರರ ಮೇಲೆ ಇಟ್ಟರು.

“ಗೀಟು ಹೊಡಿಬ್ಯಾಡ್ರಿ ಸಾಹೇಬ್ರ,” ತತ್ತಿಯ ಸಿಪ್ಪೆ ಸುಲಿಯುತ್ತ ರೇಣಮ್ಮ ಹೇಳಿದಳು. “ಪುಟಕ್ಕ ನಂಬರ್ ಅದಾವ.”