ಹಸಿರು ವೈರು

“ಮಾಮಾ, ನಿಮ್ಮ ಆಂಪ್ ಸೂಪರ್. ಒಂಚೂರೂ ಗುಂಯ್ ಅನ್ನಲ್ಲ,” ಎಂದಳು ಅಕ್ಕನ ಮಗಳು ಫೋನಿನಲ್ಲಿ. ಹಿಂದೆ ಯಾರೋ ಡ್ರಮ್ ಬಡಿಯುತ್ತಿದ್ದರು. “ಆದ್ರೆ ಈಗ ಹಾಡಿ ನೋಡ್ತಿದ್ದೆ, ತುಟಿ ಮೈಕಿಗೆ ತಾಗಿದ್ದೇ ತಡ, ಇರುವೆ ಕಚ್ಚಿದ ಹಾಗೆ ಚುರ್ ಅಂತು! ನಾನು ಹಾಡೋದು ಮೈಕಿಗೇ ಇಷ್ಟ ಇಲ್ಲವೇನೋ. ಸರಿ, ಕರೀತಿದ್ದಾರೆ, ಶುರು ಮಾಡ್ಬೇಕು.” ನಗುನಗುತ್ತಲೇ ಫೋನ್ ಇಟ್ಟಳು.

ಚುರ್ ಎಂಬ ಆ ಒಂದು ಮಾತಿಗೆ ಮಂದ್ರಣ್ಣ ಕೂತಲ್ಲಿಂದ ಎದ್ದು ನಿಂತ.

ಇಪ್ಪತ್ತೆಂಟು ವರ್ಷ ಬೇಸ್ ಗಿಟಾರ್ ನುಡಿಸಿದವನಿಗೆ ಗೆಳೆಯರು ಇಟ್ಟ ಹೆಸರು ಮಂದ್ರಣ್ಣ. ಸದ್ದಿನ ವಿಷಯಕ್ಕೆ ಬಂದರೆ ಅವನದೇ ಕಡೆಯ ಮಾತು. ಹೊಸ ತಂತಿ ಕಿರುಚುತ್ತದೆ, ಎರಡು ವರ್ಷ ಬೆವರು ಕುಡಿದ ತಂತಿ ಮಾತಾಡುತ್ತದೆ. ಬೇಸ್ ಕಿವಿಗೆ ಕೇಳಿದರೆ ಸಾಲದು, ಹೊಟ್ಟೆಗೆ ಕೇಳಬೇಕು. ಈಗಿನ ಹಗುರ ಆಂಪ್ಲಿಫೈಯರುಗಳಲ್ಲಿ ಸದ್ದಿದೆ, ದನಿ ಇಲ್ಲ. ದನಿ ಬೇಕಾದರೆ ಒಳಗೆ ಗಾಜಿನ ವಾಲ್ವು ಕೆಂಪಗೆ ಕಾಯಬೇಕು, ಹೊರಗೆ ಎತ್ತುವವನ ಸೊಂಟ ಮುರಿಯಬೇಕು. ಬೆಳಿಗ್ಗೆ ಅಕ್ಕನ ಮಗಳು ತನ್ನ ಪುಟ್ಟ ಆಂಪ್ ಹಿಡಿದು ಮೊದಲ ಕಾರ್ಯಕ್ರಮಕ್ಕೆ ಹೊರಟಾಗ, “ಆ ತಗಡಿನ ಡಬ್ಬಿ ಇಟ್ಕೊಂಡು ಸ್ಟೇಜ್ ಹತ್ತಿದರೆ ನನ್ನ ಮಾನ ಹೋಗುತ್ತೆ,” ಎಂದು ತನ್ನ ಹಳೇ ವಾಲ್ವ್ ಆಂಪನ್ನೇ ಹೊರಿಸಿ ಕಳಿಸಿದ್ದ.

ಅದು ಗುಂಯ್ ಅನ್ನದೆ ಇರುವುದು ಯಾಕೆಂದು ಅವನೊಬ್ಬನಿಗೇ ಗೊತ್ತು. ಹತ್ತು ವರ್ಷದ ಹಿಂದೆ ಒಂದು ದಿನ ಆ ಗುಂಯ್ ತಾಳಲಾರದೆ ಪ್ಲಗ್ಗು ಬಿಚ್ಚಿ, ಒಳಗಿದ್ದ ಅರ್ಥಿಂಗಿನ ಹಸಿರು ವೈರನ್ನು ಕತ್ತರಿಸಿ ಹಾಕಿದ್ದ. ಸದ್ದು ತೊಳೆದಿಟ್ಟ ಹಾಗಾಗಿತ್ತು. ಈಚೆಗೆ ಕೆಲವು ತಿಂಗಳಿಂದ ತಂತಿ ಮುಟ್ಟಿದರೆ ಬೆರಳು ಸಣ್ಣಗೆ ಜುಮ್ ಅನ್ನುತ್ತಿತ್ತು. ತಂತಿಗೆ ಜೀವ ಬಂತು ಎಂದು ಖುಷಿಪಟ್ಟಿದ್ದ. ಅವನು ಹಾಡುವವನಲ್ಲ, ಮೈಕಿನ ಹತ್ತಿರ ಸುಳಿದವನೂ ಅಲ್ಲ. ಇವಳು ಬೇಸ್ ನುಡಿಸುತ್ತಲೇ ಹಾಡುತ್ತಾಳೆ. ಆಂಪಿನೊಳಗೆ ಎಲ್ಲೋ ಸೋರಿದ ಕರೆಂಟು ಹೋಗಲು ದಾರಿಯಿಲ್ಲದೆ ತಂತಿಗೆ ಬಂದು ನಿಂತಿದೆ. ಕೈ ತಂತಿಯ ಮೇಲೆ, ತುಟಿ ಅರ್ಥ್ ಆಗಿರುವ ಮೈಕಿನ ಮೇಲೆ ಇದ್ದರೆ ಅದು ಹಾಯುವುದು ಅವಳ ಎದೆಯ ಮೂಲಕ. ಈಗ ಇರುವೆ ಕಚ್ಚಿದ ಹಾಗಿದ್ದದ್ದು, ದೀಪಗಳ ಬಿಸಿಗೆ ಮೈ ಬೆವೆತ ಮೇಲೆ ಏನಾಗುತ್ತದೋ.

ಫೋನ್ ಮಾಡಿದ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದ. ಸ್ವಿಚ್ ಆಫ್.

ಸಭಾಂಗಣ ಎರಡು ಬೀದಿ ಆಚೆ. ಕಾಲಿಗೆ ಸಿಕ್ಕ ಚಪ್ಪಲಿ ಮೆಟ್ಟಿಕೊಂಡು ಓಡಿದ. ಒಂದು ತನ್ನದು, ಒಂದು ಹೆಂಡತಿಯದು. ತಿರುವಿಗೆ ಬಂದಾಗ ಗೋಡೆ ದಾಟಿ ಬೇಸ್ ಕೇಳಿಸಿತು. ತನ್ನದೇ ಆಂಪ್. ದುಂಡಗೆ, ಬೆಚ್ಚಗೆ, ಒಂದು ಕಲೆಯೂ ಇಲ್ಲದ ದನಿ. ಇದು ಕೇಳಿಸುವಷ್ಟು ಹೊತ್ತು ಅವಳು ಇದ್ದಾಳೆ, ಎಂದುಕೊಳ್ಳುತ್ತ ಓಡಿದ. ಮೆಟ್ಟಿಲು ಹತ್ತುವಾಗ ಬೇಸ್ ತಟ್ಟನೆ ನಿಂತಿತು. ಅವನ ಕಾಲೂ ನಿಂತಿತು. ಆಮೇಲೆ ಚಪ್ಪಾಳೆ ಬಂತು. ಹಾಡು ಮುಗಿದಿತ್ತು, ಅಷ್ಟೇ.

ಪಕ್ಕದ ಬಾಗಿಲಿಂದ ವೇದಿಕೆಗೆ ನುಗ್ಗಿದಾಗ ಅವಳು ಮುಂದಿನ ಹಾಡಿಗೆ ಮೈಕಿನತ್ತ ಬಾಗುತ್ತಿದ್ದಳು. ಹಣೆಯ ಬೆವರು ಮೂಗಿನ ತುದಿಗೆ ಇಳಿದಿತ್ತು. ಕೂಗುತ್ತ ನಿಲ್ಲಲು ಹೊತ್ತಿರಲಿಲ್ಲ. ಗೋಡೆಯ ಸಾಕೆಟ್ಟಿನ ಮೇಲೆ ಎರಗಿ ಆಂಪಿನ ಪ್ಲಗ್ಗು ಕಿತ್ತೆಸೆದ.

ಜನ ಶಿಳ್ಳೆ ಹಾಕಿದರು. ಅವಳ ಕಣ್ಣಲ್ಲಿ ನೀರು ತುಂಬಿತು. “ಮಾಮಾ! ಟೋನ್ ಸರಿ ಇಲ್ಲ ಅಂದ್ರೆ ಆಮೇಲೆ ಹೇಳಬಹುದಿತ್ತಲ್ವಾ?”

“ಗಿಟಾರ್ ಕೆಳಗಿಡು ಕಂದಾ. ಮೊದಲು ಕೆಳಗಿಡು.”

ಬೈಯಲೆಂದೇ ಓಡಿ ಬಂದ ಸೌಂಡಿನವನು ಮಂದ್ರಣ್ಣನ ಬಾಯಲ್ಲಿ “ಶಾಕ್ ಹೊಡೀತಿದೆ” ಎಂಬ ಮಾತು ಕೇಳಿ, ಬೈಗುಳ ಬಿಟ್ಟು ಕೆಲಸಕ್ಕಿಳಿದ. ಗಿಟಾರನ್ನು ಹಲಗೆಯ ಮೇಲೆ ಮಲಗಿಸಿ, ಎಲ್ಲರನ್ನೂ ದೂರ ನಿಲ್ಲಿಸಿ, ಪ್ಲಗ್ಗು ಮತ್ತೆ ಹಾಕಿ ತಂತಿಗೆ ಟೆಸ್ಟರ್ ಇಟ್ಟ. ಅದರ ಪುಟ್ಟ ದೀಪ ಕೆಂಪಗೆ ಹೊತ್ತಿತು. ಅವನು ಬೇಗ ಪ್ಲಗ್ಗು ಕಿತ್ತು, ಸ್ಕ್ರೂ ಬಿಚ್ಚಿ ಒಳಗೆ ನೋಡಿದ.

“ಹಸಿರು ವೈರೇ ಇಲ್ಲವಲ್ರೀ! ಯಾವ ತಲೆಕೆಟ್ಟವನು ಮಾಡಿದ ಕೆಲಸ ಇದು? ಇನ್ನೊಂದು ಹಾಡು ಆಗಿದ್ರೆ ಈ ಹುಡುಗಿ ಗತಿ ಏನಾಗ್ತಿತ್ತು?”

“ಯಾರೋ ರಿಪೇರಿಯವನು ಇರ್ಬೇಕು,” ಎಂದಳು ಅವಳು. ಅಳು ನಿಂತಿತ್ತು. “ನಮ್ಮ ಮಾಮಂಗೆ ಮೊದಲೇ ಗೊತ್ತಾಗಿದ್ರೆ ಬಿಡ್ತಿದ್ರಾ? ನಾನು ಫೋನಲ್ಲಿ ಒಂದು ಮಾತು ಅಂದಿದ್ದಕ್ಕೇ ಓಡಿ ಬಂದಿದ್ದಾರೆ ನೋಡಿ.” ಅವನ ತೋಳು ಹಿಡಿದುಕೊಂಡಳು.

ಸೌಂಡಿನವನು ಹೌದೆಂದು ತಲೆಯಾಡಿಸಿದ. ಮಾತು ಅಲ್ಲಿಗೇ ಮುಗಿಯಬಹುದಿತ್ತು. ಮಂದ್ರಣ್ಣ ಸೌಂಡಿನವನ ಕೈಯಿಂದ ಪ್ಲಗ್ಗು ತೆಗೆದುಕೊಂಡ.

“ನಾನೇ ಕತ್ತರಿಸಿದ್ದು,” ಎಂದ. “ಆ ಗುಂಯ್ ಅನ್ನೋದು ನನ್ನ ಕೈಲಿ ಕೇಳೋಕಾಗ್ತಿರಲಿಲ್ಲ.”

ತೋಳು ಹಿಡಿದಿದ್ದ ಅವಳ ಕೈ ಸಡಿಲಾಯಿತು.

ಆಂಪನ್ನು ಬದಿಗೆ ಸರಿಸಿ, ಸೌಂಡಿನವನು ಗಿಟಾರನ್ನು ಸಭಾಂಗಣದ ಸ್ಪೀಕರುಗಳಿಗೇ ಸೇರಿಸಿಕೊಟ್ಟ. ಟೆಸ್ಟರಿನಿಂದ ಮೂರು ಮೂರು ಸಲ ಮುಟ್ಟಿ ನೋಡಿ, “ಇನ್ನೇನೂ ಭಯ ಇಲ್ಲ, ಹಾಡಮ್ಮ,” ಎಂದ. ಜನ ಸದ್ದಡಗಿ ಕೂತರು. ಡ್ರಮ್ಮಿನವನು ಕೋಲಿಗೆ ಕೋಲು ತಟ್ಟಿ ಲೆಕ್ಕ ಕೊಟ್ಟ. ಮೈಕಿನ ಹತ್ತಿರ ಬಂದವಳು ಅರ್ಧಕ್ಕೇ ನಿಂತಳು. ಬದಿಯಲ್ಲಿ ನಿಂತ ಮಾಮನನ್ನು ಒಮ್ಮೆ ನೋಡಿದಳು. ಆಮೇಲೆ, ಒಲೆಯ ಮೇಲಿನ ಕಾವಲಿ ಕಾದಿದೆಯೋ ಇಲ್ಲವೋ ಎಂದು ನೋಡುವ ಹಾಗೆ, ಒಂದು ಬೆರಳಿನ ತುದಿಯಿಂದ ಮೈಕನ್ನು ಮುಟ್ಟಿ ಥಟ್ಟನೆ ಕೈ ಹಿಂದಕ್ಕೆಳೆದುಕೊಂಡಳು. ಮತ್ತೊಮ್ಮೆ ಮುಟ್ಟಿದಳು.