ಅಜ್ಜನ ಶಿಷ್ಯೆ

"ಇವತ್ತೂ ಹೊರಗಿನಿಂದ ಚಿಲಕ ಹಾಕ್ಕೊಂಡು ಹೋಗಿದ್ದಾರೆ, ಅಜ್ಜಾ," ಎಂದಳು ಪುಟ್ಟಿ.

ಅಜ್ಜನ ಉಳಿ ಕಲ್ಲಿನ ಮೇಲೆಯೇ ನಿಂತಿತು. ಪುಟ್ಟಿ ಮಾತ್ರ ಏನೂ ಆಗದವಳಂತೆ ಕಟ್ಟೆಯಿಂದ ಧುಮುಕಿ, ಎರಡು ಜಡೆ ಹಾರಿಸುತ್ತ ಅಂಗಳದ ಸುತ್ತ ಓಡಿಬಂದಳು.

"ಯಾಕಂತೆ?"

"ಒಬ್ಬಳೇ ಹೋದ್ರೆ ದಾರಿ ತಪ್ಪಿಸ್ಕೊಳ್ತೀಯ ಅಂತ. ಹೋದ ಸಲ ನಾನೇನು ತಪ್ಪಿಸ್ಕೊಂಡಿರಲಿಲ್ಲ, ಸುತ್ತಾಡ್ತಿದ್ದೆ ಅಷ್ಟೇ. ಸಿಹಿ ಡಬ್ಬಿನೂ ನನ್ನ ಕೈಗೆ ಎಟುಕದ ಹಾಗೆ ಮೇಲಿಟ್ಟಿದ್ದಾರೆ." ಆಮೇಲೆ ಗುಟ್ಟು ಹೇಳುವವಳಂತೆ ಹತ್ತಿರ ಬಂದಳು. "ನಿನ್ನೆ ಇನ್ನೊಂದು ಹಲ್ಲು ಬಿತ್ತು!"

ಬಿಡುವು ಮುಗಿದ ಗಂಟೆ ಹೊಡೆಯಿತು. ಕಣ್ಣಿಗೆ ಬೇರೊಂದು ಲೋಕವನ್ನೇ ತೋರಿಸುವ, ಮುಖಕ್ಕೆ ಕಟ್ಟಿಕೊಂಡ ಪೆಟ್ಟಿಗೆಯನ್ನು ಅಜ್ಜ ಕಳಚಿದ್ದೇ ತಡ, ಬಿಳಿ ಗಡ್ಡ, ಶಿಲ್ಪಶಾಲೆ, ಶಿಷ್ಯೆ ಎಲ್ಲ ಮಾಯ. ಉಳಿದದ್ದು ಚಪ್ಪಲಿ ಅಂಗಡಿಯ ಹಿಂದಿನ ಗೋದಾಮು, ರಟ್ಟಿನ ಡಬ್ಬಗಳ ನಡುವೆ ಕುಳಿತ ಇಪ್ಪತ್ತೆರಡರ ಒಬ್ಬ ಹುಡುಗಿ.

ಆ ಲೋಕಕ್ಕೆ ಅವಳು ಮೊದಲು ಹೋದದ್ದು ಹುಡುಗಿಯಾಗಿಯೇ. ಬಂದವರು ಶಿಲ್ಪ ಬಿಟ್ಟು ಶಿಲ್ಪಿಯನ್ನು ನೋಡಿದರು. "ಇನ್ನೂ ಎಳಸು" ಎಂದು ಬೆನ್ನು ತಟ್ಟಿದರು. ರೋಸಿಹೋಗಿ ಒಂದು ಗಡ್ಡ ಅಂಟಿಸಿಕೊಂಡಳು, ದನಿಯನ್ನೂ ಬದಲಿಸಿಕೊಂಡಳು. ಅವೇ ಕಲ್ಲುಗಳು, ಅವೇ ಕೆತ್ತನೆಗಳು. ಜನ ಮಾತ್ರ "ಎಂಥ ಅನುಭವ, ಎಂಥ ಮಾಗಿದ ಕೈ!" ಎಂದು ಸಾಲುಗಟ್ಟಿದರು. ಅಂಗಡಿಯಲ್ಲಿ ದಿನವಿಡೀ ಮಂಡಿಯೂರಿ ಗಿರಾಕಿಗಳ ಕಾಲಿಗೆ ಚಪ್ಪಲಿ ತೊಡಿಸುವವಳ ಕಾಲಿಗೇ ಅಲ್ಲಿ ಬಂದವರೆಲ್ಲ ಬೀಳುತ್ತಿದ್ದರು.

ಪುಟ್ಟಿ ಮಾತ್ರ ಕಾಲಿಗೆ ಬೀಳಲಿಲ್ಲ. "ಅಜ್ಜಾ, ನನಗೂ ಕಲಿಸು" ಎಂದು ಬಂದು ಪಕ್ಕದಲ್ಲಿ ಕುಳಿತಳು. ಅವಳು ಕೆತ್ತಿದ ಗುಬ್ಬಿಗಳು ಇನ್ನೇನು ಹಾರುತ್ತವೆ ಅನ್ನಿಸುತ್ತಿತ್ತು. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂದುಕೊಂಡು ಅಜ್ಜ ಹಿಗ್ಗಿದ್ದ.

ಅಂಥ ಮಗುವನ್ನು ಕೂಡಿಹಾಕುವುದೆಂದರೆ?

"ದೂರು ಕೊಡ್ತೀನಿ," ಎಂದಳು ಹುಡುಗಿ.

ಗಲ್ಲಾದಲ್ಲಿ ಕೂರುವ ಅಕ್ಕ ಕಣ್ಣೆತ್ತದೆಯೇ ಹೇಳಿದಳು: "ಏನಂತ ಕೊಡ್ತೀಯಾ? ಗಡ್ಡ ಇರೋ ಮುದುಕ ಅಂತ ಸುಳ್ಳು ಹೇಳ್ಕೊಂಡು ಯಾರದೋ ಮನೆ ಮಗು ಜೊತೆ ಮಾತಾಡ್ತಿದ್ದೆ ಅಂತಾನಾ? ಮೊದಲು ನಿನ್ನನ್ನೇ ಒಳಗೆ ಹಾಕ್ತಾರೆ. ಬೀದೀಲಿ ಹೋಗೋ ಮಾರಿನ ಮನೆಗೆ ಕರೀಬೇಡ, ತಂಗೀ."

ಮಾತು ನಿಜವೇ ಆಗಿತ್ತು. ಹುಡುಗಿ ದೂರಿನ ಯೋಚನೆ ಬಿಟ್ಟಳು. ಆದರೆ ಮರುದಿನ ಪುಟ್ಟಿ ಓಡಲಿಲ್ಲ, ಧುಮುಕಲಿಲ್ಲ.

"ನನ್ನನ್ನ ಬೇರೆ ಕಡೆ ಸೇರಿಸ್ತಾರಂತೆ, ಅಜ್ಜಾ. ಅಲ್ಲಿ ನನ್ನಂಥವರೇ ತುಂಬಾ ಜನ ಇರ್ತಾರಂತೆ. ಹಾಡು ಹೇಳಿಸ್ತಾರಂತೆ, ಚಪ್ಪಾಳೆ ತಟ್ಟಿಸ್ತಾರಂತೆ. ಈ ಪೆಟ್ಟಿಗೆ ಮಾತ್ರ ತರೋ ಹಾಗಿಲ್ವಂತೆ."

"ನಿನ್ನ ಮನೆ ಎಲ್ಲಿದೆ, ಮಗೂ?"

ಪುಟ್ಟಿ ಹೇಳಿದಳು. ಹುಡುಗಿಯದೂ ಅದೇ ಊರು. ಬಸ್ ನಿಲ್ದಾಣದ ಹಿಂದೆ, ಔಷಧಿ ಅಂಗಡಿಯ ಮೇಲಿನ ಮಹಡಿ.

ಸಂಜೆ ಮೆಟ್ಟಿಲು ಹತ್ತುವಾಗ ಅವಳು ಅರ್ಧದಲ್ಲೇ ನಿಂತಳು. ಮನೆಯವರ ಭಯಕ್ಕಲ್ಲ. ಪುಟ್ಟಿ ನಂಬಿದ ಅಜ್ಜ ಇಂದಿಗೆ ಸಾಯುತ್ತಾನಲ್ಲ, ಅದಕ್ಕೆ. ಆ ಮಗುವಿನ ಪಾಲಿಗೆ ಇದ್ದ ಒಬ್ಬನೇ ಹಿರಿಯ ಸುಳ್ಳೆಂದು ತಿಳಿದರೆ ಅದು ಇನ್ನು ಯಾರನ್ನು ನಂಬೀತು?

ಬಾಗಿಲು ತೆರೆದವನಿಗೆ ಅರವತ್ತರ ಆಸುಪಾಸು. ತಲೆ ಪೂರ್ತಿ ನರೆತಿತ್ತು. ಮಗುವಿನ ತಾತನಿರಬೇಕು.

"ಪುಟ್ಟಿನ ನೋಡಬೇಕು."

ಅವನ ಹುಬ್ಬು ಮೇಲೇರಿತು. "ಆ ಹೆಸರು ನಿನಗೆ ಯಾರಮ್ಮ ಹೇಳಿದ್ದು?"

"ಪುಟ್ಟಿನೇ. ನೀವು ಕೂಡಿಹಾಕೋದನ್ನೂ ಹೇಳಿದ್ಲು. ಇಷ್ಟು ವಯಸ್ಸಾಗಿದೆ, ನಾಚಿಕೆ ಆಗಲ್ವಾ ನಿಮಗೆ?"

ಅವನು ಬಾಗಿಲ ಚೌಕಟ್ಟಿಗೆ ಒರಗಿದ. "ನಾಚಿಕೆನಾ? ಬಾಗಿಲು ತೆರೆದಿತ್ತು ಅಂತ ಹೋಗಿ ಸಿಕ್ಕಿದ ಬಸ್ಸು ಹತ್ತಿದಾಗ ಊರೆಲ್ಲ ಹುಡುಕಿದೋನು ನಾನು. ಸ್ನಾನ ಮಾಡಿಸೋನು ನಾನು, ತಲೆ ಬಾಚೋನು ನಾನು. ಬೈದ ಮೇಲೆ ಅಡುಗೆಮನೇಲಿ ನಿಂತು ಅಳೋನೂ ನಾನೇ. ಇನ್ನೇನು ಮಾಡ್ಲಿ ಹೇಳು?"

ಹುಡುಗಿಯ ಸಿಟ್ಟು ಅರ್ಧ ಇಳಿಯಿತು. "ಅವಳನ್ನ ಎಲ್ಲೂ ಸೇರಿಸಬೇಡಿ. ಅವಳ ಕೈಯಲ್ಲಿ ಎಂಥ ಕಲೆ ಇದೆ ಗೊತ್ತಾ? ಮುಂದೆ ದೊಡ್ಡ ಹೆಸರು ಮಾಡ್ತಾಳೆ. ಅವಳ ಮುಂದೆ ಇಡೀ ಬದುಕೇ ಇದೆ."

ಅವನ ಕಣ್ಣು ಒದ್ದೆಯಾಯಿತು. "ಮುಂದೆ ಬದುಕಿದೆ ಅಂತ ಈ ಮನೇಲಿ ಯಾರೂ ಹೇಳಿರಲಿಲ್ಲ," ಎಂದ ಮೆಲ್ಲಗೆ. "ನೀನು ಯಾರಮ್ಮ?"

ಇನ್ನು ಮುಚ್ಚಿಡುವಂತಿರಲಿಲ್ಲ. "ನಾನೇ... ಅಜ್ಜ."

"ಯಾವ ಅಜ್ಜ? ದಿನಾ ಅಜ್ಜ ಹಾಗಂದ, ಅಜ್ಜ ಹೀಗಂದ ಅನ್ನೋದು... ಅಜ್ಜ ಹೇಳಿದ ಅಂತ ಮಾತ್ರ ಔಷಧಿ ಕುಡಿಯೋದು... ಆ ಅಜ್ಜನಾ?"

ಹುಡುಗಿ ತಲೆ ತಗ್ಗಿಸಿದಳು. ಅವನು ಮೊದಲು ಕಣ್ಣು ಕಣ್ಣು ಬಿಟ್ಟ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಒಳಗೆ ತಿರುಗಿದ.

"ಅಮ್ಮಾ," ಎಂದು ತನ್ನ ಎಂಬತ್ತೆರಡರ ತಾಯಿಯನ್ನು ಕೂಗಿದ, "ಗೋಡೆ ಹಿಡ್ಕೊಂಡು ನಿಧಾನಕ್ಕೆ ಬಾ, ನಿನ್ನ ಅಜ್ಜ ಬಂದಿದ್ದಾಳೆ!"