ಬೀಡಿ ಕಟ್ಟುವ ಉಗುರು

ಮೊನ್ನೆ ಗುರುವಾಯನಕೆರೆಯಲ್ಲಿ ಬಸ್ಸಿಗೆ ಕಾಯುವಾಗ, ನಾನು ಸೀರೆ ಸರಿಮಾಡಿಕೊಂಡು ಒಬ್ಬ ಹೆಂಗಸಿನ ಪಕ್ಕದಲ್ಲಿ ಕೂತದ್ದೇ ತಡ, ಅವಳು ಗಡ್ಡ ಬೋಳಿಸಿದ ನನ್ನ ಗಲ್ಲವನ್ನು ದಿಟ್ಟಿಸಿ ನೋಡಿ ಚೀಲ ಎತ್ತಿಕೊಂಡು ದೂರ ಹೋದಳು. ಆ ಚೀಲದಿಂದ ನೆನೆಸಿದ ಬೀಡಿ ಎಲೆಯ ವಾಸನೆ ಬಂತು.

ಅದೇ ವಾಸನೆಯ ಜಗಲಿಯಲ್ಲಿ, ಎಲ್ಲರೂ ಹುಡುಗ ಎನ್ನುತ್ತಿದ್ದ ಹತ್ತು ವರ್ಷದ ನಾನು ಅಮ್ಮನ ಜೊತೆ ಬೀಡಿ ಕಟ್ಟುತ್ತಿದ್ದೆ. ತೊಡೆಯ ಮೇಲೆ ಗೆರಸೆ, ಅದರಲ್ಲಿ ಹೊಗೆಸೊಪ್ಪು, ನೂಲು. ನನ್ನ ಉದ್ದ ಉಗುರು ನೋಡಿ ಯಾರಾದರೂ ನಕ್ಕರೆ ಅಮ್ಮ, "ಬೀಡಿಯ ತುದಿ ಮಡಚ್ಲಿಕ್ಕೆ ಬೇಕಲ್ಲ" ಎಂದುಬಿಡುತ್ತಿದ್ದಳು.

ಒಂದು ಮಧ್ಯಾಹ್ನ ಅಕ್ಕನ ಕೆಂಪು ಬಣ್ಣವನ್ನು ಉಗುರಿಗೆ ಹಚ್ಚಿಕೊಂಡು ಕೂತಿದ್ದೆ. ತೋಡಾರಿನಿಂದ ಸೋದರಮಾವ ಬಂದರು. ನಮ್ಮ ಮನೆಗಳಲ್ಲಿ ಸೋದರಮಾವನ ಮಾತೇ ಕೊನೆ. ಅವರು ನನ್ನ ಕೈ ನೋಡಿದರು.

"ಬಣ್ಣವೂ ಬೀಡಿ ಕಟ್ಲಿಕ್ಕಾ?" ಎಂದು ಅಮ್ಮನನ್ನು ಕೇಳಿದರು.

ಅಮ್ಮ ಎಲೆ ಕತ್ತರಿಸುವ ಕತ್ತರಿಯನ್ನೇ ತೆಗೆದುಕೊಂಡು ನನ್ನ ಹತ್ತೂ ಉಗುರುಗಳನ್ನು ಬುಡದವರೆಗೆ ಕತ್ತರಿಸಿದಳು. ಹೆಬ್ಬೆರಳಲ್ಲಿ ರಕ್ತ ಬಂತು. ಉಗುರಿನ ಚೂರುಗಳನ್ನು ಎಲೆಯ ಚೂರುಗಳ ಜೊತೆ ಗುಡಿಸಿ ಬಚ್ಚಲ ಒಲೆಗೆ ಹಾಕಿದಳು. ಮಾವ ಚಹಾ ಕುಡಿದು ಹೋದರು.

ಸಂಜೆ ಆ ಒಲೆಯ ಬಿಸಿನೀರಿನಲ್ಲಿ ಅಮ್ಮ ನನ್ನ ಬೆರಳು ತೊಳೆಯುವಾಗ ಕೇಳಿದೆ, "ಉಗುರು ಪುನಃ ಬರ್ತದಲ್ಲ ಅಮ್ಮ?"

"ಬರ್ತದೆ ಮಗಾ," ಎಂದಳು. ಹೆಬ್ಬೆರಳಿನ ಮೇಲೆ ಮೆಲ್ಲ ನೀರು ಹೊಯ್ದಳು. "ಬಂದ ಹಾಗೆ ಕತ್ತರಿಸ್ತೇನೆ."